ಮೂಗಿನ ಮೇಲಿನ ಕಪ್ಪು ಚುಕ್ಕೆ: ಹಿಂಡೋ ಮುಂಚೆ ಇಷ್ಟು ತಿಳ್ಕೊಳ್ಳೋಣ

ಐಡಿ ಕಾರ್ಡಿಗೆ ಫೋಟೋ, ಎಥ್ನಿಕ್ ಡೇಗೆ ಫೋಟೋ, ಪ್ಲೇಸ್‌ಮೆಂಟಿಗೆ ಫೋಟೋ. ಪ್ರತಿ ಸಲವೂ ಕನ್ನಡಿ ಮುಂದೆ ನಿಂತಾಗ ಮೂಗು, ಗಲ್ಲದ ಮೇಲಿನ ಸಣ್ಣ ಕಪ್ಪು ಚುಕ್ಕೆಗಳು ಕಣ್ಣಿಗೆ ಬೀಳುತ್ತವೆ. ಕೈ ತಾನಾಗೇ ಅಲ್ಲಿಗೆ ಹೋಗುತ್ತೆ. ಉಗುರು, ಸೇಫ್ಟಿ ಪಿನ್, ಕಡೆಗೆ ಜಾಮಿಟ್ರಿ ಬಾಕ್ಸಿನ ಡಿವೈಡರ್ ಕೂಡ ಈ ಕೆಲಸಕ್ಕೆ ಬಳಕೆಯಾಗೋದನ್ನ ನಾವು ಹಾಸ್ಟೆಲಿನಲ್ಲಿ ನೋಡಿದ್ದೇವೆ. ಚುಕ್ಕೆ ಹೋಗಬೇಕು ಅನ್ನೋದು ತಪ್ಪಲ್ಲ. ಆದರೆ ನಿಧಾನಕ್ಕೆ ಮರೆಯಾಗಬಹುದಾದ ಚುಕ್ಕೆಯ ಜಾಗದಲ್ಲಿ ಜೀವನಪೂರ್ತಿ ಉಳಿಯುವ ಗುಳಿ ಆಗಬಾರದು ಅಲ್ವಾ? ಅದಕ್ಕೇ ಈ ಬರಹ.

ಕಪ್ಪು ಅಂದ್ರೆ ಕೊಳೆ ಅಲ್ಲ

ನಮ್ಮ ಚರ್ಮದ ಪ್ರತಿ ಕೂದಲಿನ ಬುಡದಲ್ಲಿ ಒಂದು ಸಣ್ಣ ಕೊಳವೆ ಇರುತ್ತೆ. ಪಕ್ಕದ ಗ್ರಂಥಿಯಿಂದ ಸೀಬಮ್ ಎಂಬ ಜಿಡ್ಡು ಆ ಕೊಳವೆಯ ಮೂಲಕ ಹೊರಗೆ ಬರುತ್ತೆ. ಹರೆಯದಲ್ಲಿ ಹಾರ್ಮೋನುಗಳಿಂದ ಜಿಡ್ಡು ಹೆಚ್ಚಾಗುತ್ತೆ. ಕೊಳವೆಯ ಒಳಗೋಡೆಯ ಸತ್ತ ಜೀವಕೋಶಗಳೂ ಸರಿಯಾಗಿ ಉದುರದೆ ಜಿಡ್ಡಿನ ಜೊತೆ ಅಂಟಿಕೊಂಡು ಬಿರಡೆಯಂತೆ ಕೂರುತ್ತವೆ. ಬಾಯಿ ಮುಚ್ಚಿದ್ದರೆ ವೈಟ್‌ಹೆಡ್, ಬಾಯಿ ತೆರೆದಿದ್ದರೆ ಬ್ಲ್ಯಾಕ್‌ಹೆಡ್. ತೆರೆದ ಬಾಯಲ್ಲಿ ಗಾಳಿ ತಾಗಿ ಆಕ್ಸಿಡೀಕರಣ ಆಗೋದರಿಂದ, ಜೊತೆಗೆ ಅಲ್ಲಿರುವ ಮೆಲನಿನ್‌ನಿಂದ ಆ ಕಪ್ಪು ಬಣ್ಣ. ಅಂದರೆ ಅದು ಧೂಳಲ್ಲ. ಎಷ್ಟು ಉಜ್ಜಿದರೂ ತೊಳೆದು ಹೋಗಲ್ಲ.

ಇನ್ನೊಂದು ವಿಷಯ. ಮೂಗಿನ ಮೇಲೆ ಒಂದೇ ಸಮನಾಗಿ ಹರಡಿರುವ ಬೂದುಬಣ್ಣದ ಚಿಕ್ಕ ಚುಕ್ಕೆಗಳು ಬಹಳ ಸಲ ಬ್ಲ್ಯಾಕ್‌ಹೆಡ್ಡೇ ಅಲ್ಲ. ಅವು ಜಿಡ್ಡು ಹೊರಬರುವ ದಾರಿಯ ಸಹಜ ಎಳೆಗಳು. ಪೋರ್ ಸ್ಟ್ರಿಪ್ ಹಾಕಿ ಕಿತ್ತರೂ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಅವುಗಳ ಜೊತೆ ಯುದ್ಧ ಬೇಡ.

ನಮ್ಮ ನೀರು, ನಮ್ಮ ವರ್ಕ್‌ಶಾಪ್

ಉತ್ತರ ಪಿನಾಕಿನಿ ನಂದಿಬೆಟ್ಟದ ಸಾಲಿನಲ್ಲೇ ಹುಟ್ಟಿದರೂ ವರ್ಷಪೂರ್ತಿ ಹರಿಯುವ ನದಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗಿಲ್ಲ. ಬಹುಪಾಲು ನಮಗೆಲ್ಲ ಆಳದ ಬೋರ್‌ವೆಲ್ ನೀರೇ ಗತಿ. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನ ಇಡಿಟಿಎ ಟೈಟ್ರೇಶನ್ ನೆನಪಿದೆಯಾ? ವೈನ್ ಕೆಂಪಿನಿಂದ ನೀಲಿಗೆ ತಿರುಗುವ ತನಕ ಹನಿ ಎಣಿಸಿದ್ದು ಇದೇ ಗಡಸುತನವನ್ನ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಕರಗದ ಗಸಿ ಆಗುತ್ತೆ. ಬಕೆಟ್ಟಿನ ಅಂಚಿಗೆ ಅಂಟುವ ಆ ಗಸಿ ಮುಖದ ಮೇಲೂ ಉಳಿದು ಚರ್ಮ ಬಿಗಿಯುತ್ತೆ, ಕೆರಳುತ್ತೆ. ಹಾಗಾಗಿ ನಮ್ಮ ಕಡೆಯವರಿಗೆ ಸೋಪಿಗಿಂತ ಸೋಪುರಹಿತ ಮೃದು ಫೇಸ್‌ವಾಶ್ ಒಳ್ಳೇದು. ದಿನಕ್ಕೆ ಎರಡು ಸಲ ಸಾಕು.

ಮೆಕ್ಯಾನಿಕಲ್ ಗೆಳೆಯರಿಗೆ, ಗೌರಿಬಿದನೂರಿನ ಕೈಗಾರಿಕಾ ಪ್ರದೇಶಕ್ಕೆ ಇಂಟರ್ನ್‌ಶಿಪ್ಪಿಗೆ ಹೋಗೋರಿಗೆ ಇನ್ನೊಂದು ಮಾತು. ಲೇತ್ ಮೆಷಿನ್ನಿನ ಕಟಿಂಗ್ ಆಯಿಲ್, ಗ್ರೀಸ್ ಚರ್ಮದ ಮೇಲೆ ಗಂಟೆಗಟ್ಟಲೆ ಉಳಿದರೆ ರಂಧ್ರಗಳು ಮುಚ್ಚಿ ಕೈ, ತೊಡೆ ಮೇಲೂ ಬ್ಲ್ಯಾಕ್‌ಹೆಡ್ ಏಳುತ್ತೆ. ಎಣ್ಣೆ ನೆನೆದ ಬಟ್ಟೆಯನ್ನ ಅವತ್ತೇ ಬದಲಿಸಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಆದರೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ.

ಅಡುಗೆಮನೆ ಮದ್ದುಗಳ ಲೆಕ್ಕ

ಚರ್ಮದ ಸಹಜ ಪಿಎಚ್ ಸುಮಾರು 5. ನಿಂಬೆರಸದ್ದು 2ರಿಂದ 3ರ ಒಳಗೆ. ಪಿಎಚ್ ಲಾಗರಿದಮ್ ಅಳತೆ ಆದ್ದರಿಂದ ನಿಂಬೆರಸ ಚರ್ಮಕ್ಕಿಂತ ನೂರಾರು ಪಟ್ಟು ಆಮ್ಲೀಯ. ಅದನ್ನ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆ ಬೀಳಬಹುದು. ಅಡುಗೆ ಸೋಡಾ ಇದಕ್ಕೆ ಉಲ್ಟಾ, ಪಿಎಚ್ 8 ದಾಟುತ್ತೆ. ಸಕ್ಕರೆ ಹರಳಿನ ಸ್ಕ್ರಬ್ ಚರ್ಮವನ್ನ ಗೀರುತ್ತೆ. ಟೂತ್‌ಪೇಸ್ಟ್ ಉರಿ ತರುತ್ತೆ. ಚಿಂತಾಮಣಿ ಟೊಮೇಟೊ ರೇಟು ಬಿದ್ದಾಗ ಮೂಗಿಗೂ ಉಜ್ಜೋಣ ಅನ್ನಿಸಬಹುದು. ಟೊಮೇಟೊ ನಿಂಬೆಯಷ್ಟು ಹುಳಿಯಲ್ಲ ನಿಜ, ಆದರೆ ಬಿರಡೆ ಕರಗಿಸೋ ಶಕ್ತಿ ಅದಕ್ಕಿಲ್ಲ. ಸಾರಿಗೇ ಇರಲಿ.

ಕೆಲಸ ಮಾಡುವ ಕ್ರಮ

ಮೊದಲ ಆಯ್ಕೆ 2% ಸ್ಯಾಲಿಸಿಲಿಕ್ ಆಮ್ಲ. ಇದು ಕೊಬ್ಬಿನಲ್ಲಿ ಕರಗೋದರಿಂದ ಜಿಡ್ಡಿನ ಕೊಳವೆಯೊಳಗೆ ಇಳಿದು ಬಿರಡೆಯನ್ನ ಸಡಿಲಿಸುತ್ತೆ.

1. ಮೊದಲು ಕಿವಿಯ ಹಿಂದೆ ಅಥವಾ ದವಡೆಯ ಅಂಚಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಆಸ್ಪಿರಿನ್ ಅಲರ್ಜಿ ಇರೋರು ಹಚ್ಚಬೇಡಿ.
2. ವಾರಕ್ಕೆ ಎರಡು ಮೂರು ರಾತ್ರಿ ಮಾತ್ರ, ಮುಖ ತೊಳೆದು ಒಣಗಿದ ಮೇಲೆ ತೆಳುವಾಗಿ ಹಚ್ಚಿ.
3. ಮೇಲೆ ಎಣ್ಣೆರಹಿತ ಮಾಯಿಶ್ಚರೈಸರ್. ಬೆಳಿಗ್ಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್.
4. ಚರ್ಮದ ಮೇಲ್ಪದರ ಹೊಸದಾಗೋಕೆ ಸುಮಾರು ಒಂದು ತಿಂಗಳು ಬೇಕು. ಆರರಿಂದ ಎಂಟು ವಾರ ಬಿಡದೆ ಮಾಡಿ, ಆಮೇಲೆ ಫಲಿತಾಂಶ ಕೇಳಿ.

ಇದರಿಂದ ಆಗದಿದ್ದರೆ ಅಡಾಪಲೀನ್ ಜೆಲ್ ಇದೆ, ಆದರೆ ಅದು ಡಾಕ್ಟರ ಸಲಹೆ ಮೇಲೆ ಮಾತ್ರ. ಗರ್ಭಿಣಿಯರಿಗೆ ಅದು ಬೇಡ.

ತೆಗೆಯಲೇಬೇಕು ಅನ್ನೋರಿಗೆ

ಚರ್ಮರೋಗ ತಜ್ಞರ ಹತ್ತಿರ ತೆಗೆಸೋದೇ ಸರಿಯಾದ ದಾರಿ. ಆದರೂ ಮನೆಯಲ್ಲೇ ಕೈ ಹಾಕ್ತೀರಿ ಅಂದ್ರೆ ಶಿಡ್ಲಘಟ್ಟದ ರೀಲರುಗಳ ಕೆಲಸ ನೆನಪಿಟ್ಟುಕೊಳ್ಳಿ. ಗೂಡನ್ನ ಬಿಸಿನೀರಲ್ಲಿ ಬೇಯಿಸಿ ಸೆರಿಸಿನ್ ಅಂಟು ಸಡಿಲವಾದ ಮೇಲೇ ನೂಲು ಎಳೆಯೋದು. ಮೊದಲೇ ಎಳೆದರೆ ಎಳೆ ತುಂಡಾಗುತ್ತೆ. ಇಲ್ಲೂ ಮೊದಲು ಸಡಿಲಿಸಬೇಕು.

ಕೈ, ಮುಖ ತೊಳೆದು, ಉಗುರುಬೆಚ್ಚನೆ ನೀರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನ 5ರಿಂದ 10 ನಿಮಿಷ ಇಡಿ. ಕುದಿಯುವ ಪಾತ್ರೆ ಮೇಲೆ ಮುಖ ಹಿಡಿಯೋದು ಬೇಡ, ಸುಟ್ಟೀತು. ಲೂಪ್ ಇರುವ ಸ್ಟೀಲ್ ಎಕ್ಸ್‌ಟ್ರಾಕ್ಟರನ್ನ 70% ಸ್ಪಿರಿಟ್ಟಿನಲ್ಲಿ ಒರೆಸಿ ಆರಲು ಬಿಡಿ. ಚುಕ್ಕೆ ಲೂಪಿನ ಮಧ್ಯೆ ಬರುವಂತೆ ಇಟ್ಟು ಹಗುರವಾಗಿ ಒತ್ತಿ. ಎರಡು ಸಲಕ್ಕೆ ಬರಲಿಲ್ಲ ಅಂದ್ರೆ ಬಿಟ್ಟುಬಿಡಿ. ಜೋರಾಗಿ ಒತ್ತಿದರೆ ಕೊಳವೆಯ ಗೋಡೆ ಒಳಗೇ ಒಡೆದು, ಬರೀ ಚುಕ್ಕೆ ಆಗಿದ್ದದ್ದು ಕೀವಿನ ಮೊಡವೆ ಆಗುತ್ತೆ. ಕೆಂಪಾದದ್ದು, ನೋಯುವುದು, ವೈಟ್‌ಹೆಡ್ ಇವನ್ನ ಮುಟ್ಟಲೇಬೇಡಿ. ಅವತ್ತು ರಾತ್ರಿ ಆಮ್ಲವನ್ನೂ ಹಚ್ಚಬೇಡಿ.

ಮೂಗಿನ ಬುಡದಿಂದ ಬಾಯಿಯ ಎರಡು ಕೊನೆವರೆಗಿನ ತ್ರಿಕೋನದ ರಕ್ತನಾಳಗಳಿಗೆ ಮೆದುಳಿನ ಬುಡದ ರಕ್ತನಾಳಗಳ ಜೊತೆ ಸಂಪರ್ಕ ಇದೆ. ಇಲ್ಲಿಯ ಸೋಂಕು ಒಳಗೆ ಹರಡೋದು ಬಹಳ ಅಪರೂಪ, ಆದರೆ ಹರಡಿದರೆ ಪ್ರಾಣಾಪಾಯ. ಹಿಂಡಿದ ಮೇಲೆ ಊತ ಏರುತ್ತಾ ಹೋದರೆ, ಜ್ವರ, ಜೋರು ತಲೆನೋವು, ಕಣ್ಣಿನ ಸುತ್ತ ಊತ, ದೃಷ್ಟಿ ಮಂಜಾಗೋದು ಏನೇ ಕಂಡರೂ ಬೆಳಗಾಗಲಿ ಅಂತ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಮೆಡಿಕಲ್ ಸ್ಟೋರಿನ "ಒಳ್ಳೆ ಕ್ರೀಮ್"

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಯಾರೋ ಹೇಳಿದರು ಅಂತ ಬೆಳ್ಳಗಾಗೋ ಕ್ರೀಮ್ ತಂದು ಹಚ್ಚೋರು ಬಹಳ ಜನ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಮೊದಲ ವಾರ ಮುಖ ಹೊಳೆಯುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ನರಗಳು ಕೆಂಪಗೆ ಕಾಣಿಸಿ, ಮೊಡವೆ ತುಂಬಿಕೊಳ್ಳುತ್ತೆ, ನಿಲ್ಲಿಸಿದರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್ ಔಷಧಿಗಳನ್ನ ಡಾಕ್ಟರ ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮರೋಗ ತಜ್ಞರಿಗೆ ತೋರಿಸಿ. ಹೋಗುವಾಗ ಆ ಟ್ಯೂಬನ್ನೂ ಜೊತೆಗೆ ಒಯ್ಯಿರಿ.