ಟಿವಿಯ ಬೆನ್ನು ನೋಡಮ್ಮಾ

ಮಗೂ, ಭಾನುವಾರ ನಿಮ್ಮ ಹೊಸ ಮನೆಗೆ ಬಂದಾಗ ಕಾಫಿ ಲೋಟ ಕೈಗಿಡುತ್ತಲೇ ಟಿವಿಯ ಮೇಲೆ ದೂರು ಹೇಳಿದೆಯಲ್ಲ, "ಮಾಮಾ, 55 ಇಂಚು, 4ಕೆ ಅಂತ ಸುರಿದ ದುಡ್ಡೆಲ್ಲ ದಂಡ, ಹಳೇದೇ ವಾಸಿ ಇತ್ತು" ಅಂತ. ನೀನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಾರ್ತೆ ಓದುವಾಕೆಯ ಸೀರೆಯ ಕೆಂಪಂಚು ಕತ್ತಿನವರೆಗೂ ಹರಿದಿತ್ತು. ಕೆಳಗೆ ಓಡುವ ಸಾಲಿನಲ್ಲಿ ಒತ್ತಕ್ಷರಗಳೆಲ್ಲ ಕಲಸಿಕೊಂಡಿದ್ದವು. ನೀವೆಲ್ಲ ಅದರ ಮುಖ ನೋಡಿ ಬೈಯುತ್ತಿದ್ದಿರಿ, ನಾನು ಬೆನ್ನು ನೋಡಿದೆ. ಹಳದಿ, ಕೆಂಪು, ಬಿಳಿ, ಮೂರು ವೈರು. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ತೂತು ಖಾಲಿ ಬಿದ್ದಿತ್ತು. ಅದಕ್ಕೆ ಹಾಕಬೇಕಾದ ಕೇಬಲ್ಲು ಅಟ್ಟದ ಮೇಲೆ, ರಟ್ಟಿನ ಡಬ್ಬದೊಳಗೆ, ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಮಲಗಿತ್ತು. ಹಳೇ ಮನೆಯಲ್ಲಿ ಹೇಗಿತ್ತೋ ಹಾಗೇ ಚುಚ್ಚಿ ಹೋಗಿದ್ದಾನೆ, ಟಿವಿ ಜೋಡಿಸಲು ಬಂದ ಹುಡುಗ.

ಆ ಮೂರರಲ್ಲಿ ಚಿತ್ರ ಹೊರುವುದು ಹಳದಿ ಒಂದೇ, ಉಳಿದೆರಡು ಧ್ವನಿಗೆ. ಬೆಳಕನ್ನೂ ಬಣ್ಣವನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸುತ್ತದೆ, ಟಿವಿ ಅದನ್ನು ಬೇರ್ಪಡಿಸಿಕೊಳ್ಳಬೇಕು. ಸೀರೆಯಂಚು ಹರಿಯುವುದು ಅಲ್ಲೇ. ಸಾಲದ್ದಕ್ಕೆ ಅದರಲ್ಲಿ ಬರುವ ಚಿತ್ರಕ್ಕೆ 576 ಗೆರೆ, ನಿನ್ನ ಟಿವಿಯ ಪರದೆಗೆ 2160. ಒಂದು ಲೋಟ ಹಾಲಿಗೆ ಮೂರು ಲೋಟ ನೀರು ಹಾಕಿ ಎಲ್ಲರಿಗೂ ಹಂಚಿದ ಹಾಗೆ.

ಕೇಬಲ್ ಬದಲಿಸಿದ ಮೇಲೂ ನಾನು ರಿಮೋಟು ಹಿಡಿದು ಕೂತಿದ್ದನ್ನು ನೋಡಿ ನಿನ್ನ ಮಗ ನಕ್ಕ. ಬಾಕ್ಸಿನ ಸೆಟ್ಟಿಂಗ್ಸಿನಲ್ಲಿ ಇನ್ನೂ 576 ಅಂತಲೇ ಇತ್ತು, 1080 ಮಾಡಿದೆ. ಆಮೇಲೇ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡದ್ದು. ಚಾನೆಲ್ಲೂ ಎಚ್‌ಡಿಯದೇ ಆಗಿರಬೇಕು, ಅದು ಬೇರೆ ಮಾತು.

ಇನ್ನು ಅಂಗಡಿಯ ಮಾತು. ಒಮ್ಮೆ ನಾನೂ "ಬಂಗಾರದ ಲೇಪ ಸಾರ್, ಬಣ್ಣ ಎದ್ದು ಬರುತ್ತೆ" ಅಂದದ್ದಕ್ಕೆ 1,800 ರೂಪಾಯಿ ಕೊಟ್ಟು ಬಂದವನೇ. ಬಂಗಾರದ ಲೇಪದಿಂದ ತುದಿಗೆ ಕಿಲುಬು ಹಿಡಿಯುವುದಿಲ್ಲ, ಅಷ್ಟೇ. ಎಚ್‌ಡಿಎಂಐನಲ್ಲಿ ಹೋಗುವುದು ಅಂಕಿಗಳು. ಕೇಬಲ್ ಕೆಟ್ಟರೆ ಬಣ್ಣ ಮಂಕಾಗುವುದಿಲ್ಲ. ಪರದೆಯ ಮೇಲೆ ಚುಕ್ಕಿ ಮಿನುಗುತ್ತದೆ, ಇಲ್ಲವೇ ಕಣ್ಣು ಮಿಟುಕಿಸಿದಂತೆ ಕಪ್ಪಾಗಿ ಮತ್ತೆ ಬರುತ್ತದೆ. ಡಬ್ಬದ ಮೇಲೆ "2.1" ಅಂತ ದಪ್ಪಗೆ ಬರೆದಿದ್ದರೂ ಮರುಳಾಗಬೇಡ. ಆ ನಂಬರು ಯಂತ್ರಗಳದ್ದು. ಕೇಬಲ್ಲಿಗೆ ಹೆಸರು ಬೇರೆ. ನಿನ್ನ ಬಾಕ್ಸಿಗೆ "ಹೈ ಸ್ಪೀಡ್" ಅನ್ನೋದು ಧಾರಾಳ ಸಾಕು. 4ಕೆ ಸಿನಿಮಾ ಹಾಕುವ ಸ್ಟಿಕ್ಕಿಗೋ ಪ್ಲೇಯರಿಗೋ "ಪ್ರೀಮಿಯಂ ಹೈ ಸ್ಪೀಡ್", ಸೆಕೆಂಡಿಗೆ 18 ಗಿಗಾಬಿಟ್ ಹೊರುವಂಥದ್ದು. ಮಗ ಹಟ ಹಿಡಿದಿರುವ ಪಿಎಸ್5 ಬಂದರೆ 48 ಗಿಗಾಬಿಟ್ಟಿನ "ಅಲ್ಟ್ರಾ ಹೈ ಸ್ಪೀಡ್" ಬೇಕು, ಆದರೆ ಅದು ಆಟದ ಡಬ್ಬದಲ್ಲೇ ಇರುತ್ತದೆ, ಇನ್ನೊಂದು ಕೊಳ್ಳಬೇಡ.

ನಿಮ್ಮೆಜಮಾನರು ಸೌಂಡ್‌ಬಾರ್ ತರುತ್ತಾರಂತೆ. ಟಿವಿಯ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಪಕ್ಕ ಮಾತ್ರ "ಎಆರ್‌ಸಿ" ಅಂತ ಇರುತ್ತದೆ, ಅದಕ್ಕೇ ಹಾಕಿ. ಟಿವಿ ರಿಮೋಟಿನಲ್ಲೇ ಅದರ ಸೌಂಡೂ ಏರುತ್ತದೆ, ಇಳಿಯುತ್ತದೆ. ಆಪ್ಟಿಕಲ್ ಕೇಬಲ್ ಕೊಟ್ಟರೆ ತುದಿಯ ಪ್ಲಾಸ್ಟಿಕ್ ಟೊಪ್ಪಿ ತೆಗೆದೇ ಚುಚ್ಚಬೇಕು. ನಗಬೇಡ, ಟೊಪ್ಪಿ ಸಮೇತ ಚುಚ್ಚಿ "ಸೌಂಡೇ ಇಲ್ಲ" ಅಂದವರನ್ನು ನೋಡಿದ್ದೇನೆ.

ಮೇಲಿನ ಕೋಣೆಯಲ್ಲಿ ಗೋಡೆ ಕತ್ತರಿಸಿ ವೈರು ಹೂಳಿಸುತ್ತೇನೆ ಅಂದೆಯಲ್ಲ, ನನಗೆ ನಿದ್ದೆ ಕೆಡಿಸಿದ್ದು ಅದು. 2012ರಲ್ಲಿ ಮನೆ ಕಟ್ಟಿಸುವಾಗ ಜಾಣ ಅಂದುಕೊಂಡು ಹತ್ತು ಮೀಟರ್ ಎಚ್‌ಡಿಎಂಐ ಕೇಬಲ್ಲನ್ನು ಪೈಪೂ ಇಲ್ಲದೆ ಗಾರೆಯೊಳಗೆ ಹುದುಗಿಸಿದೆ. ಆಗಿನ ಟಿವಿಗೆ ಚೆನ್ನಾಗೇ ಇತ್ತು. 4ಕೆ ಟಿವಿ ತಂದ ದಿನ ಚಿತ್ರ ಮಿಟುಕಿ ಮಿಟುಕಿ ಆರಿಹೋಯಿತು. ಇವತ್ತಿಗೂ ಅದು ಗೋಡೆಯೊಳಗೇ ಇದೆ, ತುದಿ ಎರಡಂಗುಲ ಹೊರಗೆ ಇಣುಕುತ್ತದೆ. ನಿಮ್ಮತ್ತೆ ಅದಕ್ಕೆ ಕೀಲಿಕೈ ನೇತುಹಾಕುತ್ತಾಳೆ.

ಐದು ಮೀಟರಿನೊಳಗಾದರೆ ಸಾಮಾನ್ಯ ಕೇಬಲ್ ನಡೆಯುತ್ತದೆ. ಅದಕ್ಕಿಂತ ದೂರಕ್ಕೆ, ಅದೂ 4ಕೆಗೆ, ಒಳಗೆ ಗಾಜಿನೆಳೆ ಇರುವ ಎಚ್‌ಡಿಎಂಐ ಬರುತ್ತದೆ, ಅದು ವಾಸಿ. ಅದಕ್ಕೆ ತಲೆ ಬಾಲ ಬೇರೆ ಬೇರೆ, ಬಾಕ್ಸಿನ ಕಡೆ ಯಾವುದು, ಟಿವಿ ಕಡೆ ಯಾವುದು ಅಂತ ತುದಿಯಲ್ಲೇ ಬರೆದಿರುತ್ತದೆ. ತಿರುಗಾಮುರುಗಾ ಎಳೆದರೆ ಚಿತ್ರವೇ ಬರುವುದಿಲ್ಲ. ಎಲೆಕ್ಟ್ರಿಷಿಯನ್ ಮುಕ್ಕಾಲು ಇಂಚಿನ ಪೈಪು ತಂದರೆ ವಾಪಸು ಕಳಿಸು, ಎಚ್‌ಡಿಎಂಐ ತಲೆ ಅದರಲ್ಲಿ ತೂರುವುದಿಲ್ಲ. ಎರಡಿಂಚಿನದು ಹಾಕಿಸು, ಮೂಲೆಯಲ್ಲಿ ಚೂಪಾಗಿ ಮಡಿಸದೆ ದುಂಡಗೆ ತಿರುಗಲಿ. ಕೇಬಲ್ ಎಳೆದಾದ ಮೇಲೂ ಪೈಪಿನೊಳಗೆ ಒಂದು ಜಿಐ ತಂತಿ ಹಾಗೇ ಬಿಟ್ಟಿರಲಿ, ನಾಳೆ ಹೊಸ ಕೇಬಲ್ ಎಳೆಯೋದಕ್ಕೆ. ಉದ್ದ ಅಂದಾಜಿನಲ್ಲಿ ಹೇಳಿಬಿಡಬೇಡ. ನಾನು ಶನಿವಾರ ದಾರದುಂಡೆ ತರುತ್ತೇನೆ, ಪೈಪು ಹೋಗುವ ದಾರಿಯಲ್ಲೇ ಹಿಡಿದು ಅಳೆಯೋಣ. ಅಲ್ಲಿಯವರೆಗೆ ಗೋಡೆ ಮುಟ್ಟಿಸಬೇಡ.