ಯಂತ್ರ ತೋರಿಸಿದ ತೀರ್ಪು
ಜಮೀನಿನ ತಕರಾರಿಗೋ ಬಾಡಿಗೆ ಜಗಳಕ್ಕೋ ಚಾಟ್‌ಜಿಪಿಟಿಯನ್ನು ಕೇಳುವವರು ಈಗ ಬಹಳ. ಕೇಳಿ, ತಪ್ಪಿಲ್ಲ. ಆದರೆ ಅದು ತೋರಿಸಿದ ತೀರ್ಪನ್ನು ನಂಬುವ ಮೊದಲು ನೀವೇ ಹುಡುಕಿ ಓದಿ. ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯೊಂದರ ಮೇಲಿನ ದಾವೆಯಲ್ಲಿ ವಕೀಲರು ಚಾಟ್‌ಜಿಪಿಟಿ ಹೆಣೆದುಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನೇ ಕೋರ್ಟಿಗೆ ಸಲ್ಲಿಸಿದ್ದರು. ಇವು ನಿಜವೇ ಎಂದು ಅದನ್ನೇ ಕೇಳಿಯೂ ಇದ್ದರು, ಹೌದು ಎಂದಿತ್ತು! 2023ರ ಜೂನ್‌ನಲ್ಲಿ ಆ ವಕೀಲರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು. ನಮ್ಮ ಕಾಯ್ದೆಗಳ ಮೂಲಪಾಠ ಇಂಡಿಯಾ ಕೋಡ್ ಜಾಲತಾಣದಲ್ಲಿ, ತೀರ್ಪುಗಳು ಇ-ಕೋರ್ಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇನ್ನೊಂದು ಮಾತು: ವಕೀಲರಿಗೆ ಹೇಳಿದ ಗುಟ್ಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ರಕ್ಷಣೆ ಕೊಡುತ್ತದೆ, ಚಾಟ್‌ಬಾಟ್‌ಗೆ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ. ಫೀಸು ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವಿದೆ.