ಮಂಡಿನೋವಿನ ಗುಳಿಗೆಗೂ ಹೋಲಿಕೆ ತಾಕು ಬೇಕು



ಹೊಸ ಗೊಬ್ಬರವೊಂದು ಬಂದರೆ ನಾವು ಅದನ್ನು ಇಡೀ ಗದ್ದೆಗೆ ಒಮ್ಮೆಗೇ ಚೆಲ್ಲುವುದಿಲ್ಲ. ಒಂದು ತಾಕಿಗೆ ಹಾಕಿ, ಪಕ್ಕದ ತಾಕನ್ನು ಹಾಗೆಯೇ ಬಿಟ್ಟು, ಎರಡರ ಪೈರನ್ನೂ ನೋಡಿ ಆಮೇಲೆ ತೀರ್ಮಾನಕ್ಕೆ ಬರುತ್ತೇವೆ. ಆದರೆ ಮಂಡಿ ನೋಯತೊಡಗಿದರೆ ಈ ತಾಳ್ಮೆ ಎಲ್ಲಿಗೆ ಹೋಗುತ್ತದೆಯೋ ತಿಳಿಯದು. ಸಂತೆಯ ಪುಡಿ, ಔಷಧಿ ಅಂಗಡಿಯ ಗುಳಿಗೆ, ಬೆಂಗಳೂರಿನ ನೆಂಟರು ತಂದ ಡಬ್ಬಿ, ಮೂರನ್ನೂ ಒಂದೇ ದಿನ ಆರಂಭಿಸುತ್ತೇವೆ. ಗುಣ ಕಂಡರೆ ಯಾವುದರಿಂದ, ಕೇಡಾದರೆ ಯಾವುದರಿಂದ ಎಂಬುದು ಕಡೆಗೂ ಗೊತ್ತಾಗುವುದಿಲ್ಲ.

ಹೊಳೆನರಸೀಪುರದ ಗದ್ದೆಗಳಲ್ಲಿ ಬಗ್ಗಿ ನಾಟಿ ಹಾಕುವ ಹೆಂಗಸರು, ಚನ್ನರಾಯಪಟ್ಟಣದಲ್ಲಿ ತೆಂಗಿನ ಮರ ಹತ್ತುವವರು, ಅರಕಲಗೂಡಿನಲ್ಲಿ ಹೊಗೆಸೊಪ್ಪು ಮುರಿಯುವವರು, ಹಾಸನದ ಹೊಲಗಳಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಆಲೂಗಡ್ಡೆ ಆಯುವವರು, ಇವರೆಲ್ಲರಿಗೂ ನಲವತ್ತು ದಾಟಿದ ಮೇಲೆ ಮಂಡಿಯ ಪರಿಚಯ ಚೆನ್ನಾಗಿಯೇ ಆಗುತ್ತದೆ. ಆದ್ದರಿಂದ ನಮ್ಮ ಮನೆಯ ಸಂಗತಿಯನ್ನೇ ಇಲ್ಲಿ ಹೇಳುತ್ತೇನೆ.

ನಮ್ಮ ತಾಯಿಯವರು ಸಂತೆಯಲ್ಲಿ ಒಬ್ಬನಿಂದ ಪೊಟ್ಟಣದ ಪುಡಿ ಕೊಂಡರು. ಬರೀ ಬೇರು ನಾರು, ಏನೂ ತೊಂದರೆಯಿಲ್ಲ ಎಂದಿದ್ದನಂತೆ. ಅದೇ ವಾರ ನಾನೂ ಪಟ್ಟಣದಿಂದ ಅರಿಸಿನದ ಸತ್ವದ ಗುಳಿಗೆ ತಂದುಕೊಟ್ಟೆ. ಎಂಟು ದಿನಗಳಲ್ಲಿ ನೋವು ಮಾಯವಾಯಿತು. ನನ್ನ ಗುಳಿಗೆಯ ಗುಣವೆಂದು ನಾನು ಹಿಗ್ಗಿದೆ, ಪುಡಿಯ ಗುಣವೆಂದು ಅವರು ಹೇಳಿದರು. ಎರಡು ತಿಂಗಳಲ್ಲಿ ಅವರ ಮುಖ ದುಂಡಗಾಯಿತು. "ಮೈ ತುಂಬಿಕೊಂಡಿದ್ದೀಯಲ್ಲಕ್ಕ" ಎಂದು ಕೇರಿಯವರೆಲ್ಲ ಸಂತೋಷಪಟ್ಟರು. ಆಮೇಲೆ ಬಾಯಾರಿಕೆ, ರಾತ್ರಿ ಐದಾರು ಸಲ ಏಳುವುದು ಮೊದಲಾಯಿತು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಮುಖ ನೋಡಿದೊಡನೆ, "ಯಾವ ಪುಡಿ ತಿನ್ನುತ್ತಿದ್ದೀರಮ್ಮಾ?" ಎಂದು ಕೇಳಿದರು. ಹಿಂದೆಂದೂ ಇಲ್ಲದ ಸಕ್ಕರೆ ಕಾಯಿಲೆ ರಕ್ತದಲ್ಲಿ ಕಂಡಿತು.

ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಎಂಬ ಪ್ರಬಲ ಔಷಧಿಯನ್ನು ಗುಟ್ಟಾಗಿ ಬೆರೆಸುವುದುಂಟು. ಅದು ನೋವನ್ನೂ ಊತವನ್ನೂ ಬೇಗನೆ ಅಡಗಿಸುತ್ತದೆ. ಅದರ ಜೊತೆಗೇ ಸಕ್ಕರೆ ಮತ್ತು ರಕ್ತದೊತ್ತಡವನ್ನು ಏರಿಸಿ, ಎಲುಬನ್ನು ಸೊರಗಿಸುತ್ತದೆ. ನಾನು ಗಾಬರಿಯಿಂದ ಪುಡಿಯನ್ನು ತಿಪ್ಪೆಗೆ ಎಸೆಯಹೊರಟಾಗ ವೈದ್ಯರು ತಡೆದರು. ತಿಂಗಳುಗಟ್ಟಲೆ ಸ್ಟೀರಾಯ್ಡ್ ಸೇವಿಸಿದವರ ದೇಹವು ತಾನೇ ತಯಾರಿಸಬೇಕಾದುದನ್ನು ತಯಾರಿಸುವುದನ್ನೇ ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಆದ್ದರಿಂದ ಅವರು ಅಳತೆ ತಿಳಿದ ಮಾತ್ರೆ ಕೊಟ್ಟು, ವಾರವಾರ ತಗ್ಗಿಸಿ ಬಿಡಿಸಿದರು. ಪೊಟ್ಟಣವನ್ನು ಕಾದಿಡಲು ಹೇಳಿದರು.

ಇನ್ನು ನನ್ನ ಅರಿಸಿನದ ಗುಳಿಗೆ. ಅಡಿಗೆಮನೆಯ ಅರಿಸಿನಕ್ಕೂ ಇದಕ್ಕೂ ಅಜಗಜಾಂತರವಿದೆ. ನೂರು ಗ್ರಾಂ ಅರಿಸಿನಪುಡಿಯಲ್ಲಿ ಕರ್ಕುಮಿನ್ ಎಂಬ ಸತ್ವ ಸುಮಾರು 3 ಗ್ರಾಂ ಮಾತ್ರ. ಅರ್ಧ ಗ್ರಾಂ ಸತ್ವದ ಒಂದು ಗುಳಿಗೆಯೆಂದರೆ ಹದಿನೈದು ಗ್ರಾಂಗೂ ಹೆಚ್ಚು ಅರಿಸಿನ. ಯಾರ ಮನೆಯ ಸಾರಿಗೂ ಅಷ್ಟು ಬೀಳುವುದಿಲ್ಲ. ಅದರ ಮೇಲೆ ಕಾಳುಮೆಣಸಿನ ಸತ್ವವನ್ನೂ ಸೇರಿಸಿರುತ್ತಾರೆ. ಏತಕ್ಕೆಂದರೆ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2 ಗ್ರಾಂ ಕರ್ಕುಮಿನ್ ಜೊತೆ ಕೇವಲ 20 ಮಿಲಿಗ್ರಾಂ ಮೆಣಸಿನ ಸತ್ವ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ರಕ್ತಕ್ಕೆ ಹೆಚ್ಚು ಸೇರಿದರೆ ಗುಣವೊಂದೇ ಹೆಚ್ಚುವುದೆಂದು ನಂಬುವ ಹಾಗಿಲ್ಲ. ಆಸ್ಟ್ರೇಲಿಯಾದ ಔಷಧ ಇಲಾಖೆಯವರು 2023ರಲ್ಲಿ, ಇಂಥ ಗುಳಿಗೆಗಳಿಂದ ಅಪರೂಪಕ್ಕೆ ಪಿತ್ತಜನಕಾಂಗಕ್ಕೆ ಪೆಟ್ಟಾಗುವುದೆಂದೂ, ಬೇಗ ಮೈಗೆ ಹತ್ತುವಂತೆ ಮಾಡಿದವುಗಳಲ್ಲಿ ಅಪಾಯ ಹೆಚ್ಚಿರಬಹುದೆಂದೂ ಎಚ್ಚರಿಸಿದರು. ಅಡಿಗೆಯ ಅರಿಸಿನಕ್ಕೆ ಈ ಮಾತು ಅನ್ವಯಿಸದು.

ಗ್ಲುಕೋಸಮೈನ್ ಎಂಬುದು ಇನ್ನೊಂದು. ಇದನ್ನು ಬಹುಪಾಲು ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ. ಸಸ್ಯಾಹಾರಿಗಳೂ, ಸೀಗಡಿ ಒಗ್ಗದವರೂ ಡಬ್ಬಿಯನ್ನು ಓದಿ ಕೊಳ್ಳತಕ್ಕದ್ದು. ವಾರ್ಫರಿನ್ ಎಂಬ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಸೇವಿಸುವವರಿಗೆ ಇದರಿಂದ ರಕ್ತಸ್ರಾವವಾಗಬಹುದು. 2006ರಲ್ಲಿ ಅಮೆರಿಕದಲ್ಲಿ ಮಂಡಿನೋವಿನ 1583 ಜನರ ಮೇಲೆ ನಡೆದ ಪರೀಕ್ಷೆಯ ವರದಿ ಬಂತು. 24 ವಾರಗಳಲ್ಲಿ ಗ್ಲುಕೋಸಮೈನ್ ತಿಂದವರಲ್ಲಿ ನೂರಕ್ಕೆ 64 ಮಂದಿಗೆ ನೋವು ತಗ್ಗಿತ್ತು. ಔಷಧವೇ ಇಲ್ಲದ ಹುಸಿ ಗುಳಿಗೆ ತಿಂದವರಲ್ಲಿ 60 ಮಂದಿಗೆ! ಅಂದರೆ ಮಂಡಿನೋವು ತಾನಾಗಿಯೂ ಏರಿಳಿಯುತ್ತದೆ. ನಾಟಿ ಮುಗಿದು ಕಾಲಿಗೆ ಬಿಡುವು ಸಿಕ್ಕ ವಾರದಲ್ಲೇ ಗುಳಿಗೆ ಶುರುವಾಗಿದ್ದರೆ ಕೀರ್ತಿಯೆಲ್ಲ ಗುಳಿಗೆಗೇ.

ಹೀಗಿರಲಾಗಿ, ಹೆಸರು, ವಿಳಾಸ, ಬ್ಯಾಚ್ ನಂಬರಿಲ್ಲದ ಪುಡಿಯನ್ನು ಪರೀಕ್ಷೆಗೂ ಬಾಯಿಗೆ ಹಾಕಬಾರದು. ಕೀಲು ಕೆಂಪಾಗಿ ಬಿಸಿಯಾಗಿ ಊದಿ ಜ್ವರವೂ ಇದ್ದರೆ ನೇರವಾಗಿ ಆಸ್ಪತ್ರೆಗೆ ಹೋಗತಕ್ಕದ್ದು. ಉಳಿದವುಗಳಲ್ಲಿ ಒಂದನ್ನು ಪ್ರಯತ್ನಿಸಲೇಬೇಕೆಂದಿದ್ದರೆ, ಈಗ ಸೇವಿಸುತ್ತಿರುವ ಔಷಧಿಗಳನ್ನು ವೈದ್ಯರಿಗೆ ತೋರಿಸಿ ಕೇಳಿ. ಮೊದಲ ಎರಡು ವಾರ ಏನನ್ನೂ ತಿನ್ನದೆ, ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ದಿನಾ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಹಾಕಿ, ಆ ದಿನದ ಕೆಲಸವನ್ನೂ ಬರೆಯಿರಿ. ಇದೇ ನಿಮ್ಮ ಹೋಲಿಕೆ ತಾಕು. ಬಳಿಕ ಒಂದೇ ಒಂದನ್ನು ಆರಂಭಿಸಿ, ತಾರೀಖು ಹಾಕಿ, ಎಂಟು ವಾರ ಬರೆಯುತ್ತಾ ಬನ್ನಿ. ಅಂಕ ಇಳಿಯದಿದ್ದರೆ ಆ ಹಣ ಉಳಿಯಿತು. ಇಳಿದರೆ, ಗುಳಿಗೆ ನಿಲ್ಲಿಸಿ ಮತ್ತೆರಡು ವಾರ ನೋಡಿ.

ಮೂತ್ರ ಗಾಢ ಹಳದಿಯಾದರೆ, ಕಣ್ಣು ಹಳದಿಯಾದರೆ, ಮೈ ತುರಿಸಿ ಊಟ ಸೇರದಿದ್ದರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಮಲ ಕಪ್ಪಗೆ ಟಾರಿನಂತಾದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೆಂದು ತಿಳಿಯಿರಿ. ಪಾದ ಊದಿ ಮೂತ್ರ ಕಡಿಮೆಯಾದರೆ ಮೂತ್ರಪಿಂಡದ ಸೂಚನೆ. ಈ ಕೊನೆಯ ಎರಡೂ ಡೈಕ್ಲೋಫಿನ್ಯಾಕ್ ಮೊದಲಾದ ನೋವಿನ ಮಾತ್ರೆಗಳಿಂದ ಬರುವಂಥವು. ಈ ಔಷಧಿ ಕೊಟ್ಟ ದನದ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವೆಂದು 2006ರಲ್ಲಿ ಸರ್ಕಾರ ದನಗಳಿಗೆ ಇದನ್ನು ನಿಷೇಧಿಸಿತು. ನಾವು ಹದ್ದುಗಳಲ್ಲ, ನಿಜ. ಆದರೆ ನೀರು ಕುಡಿಯದೆ ಬಿಸಿಲಲ್ಲಿ ದುಡಿದು, ದಿನಾ ಎರಡು ಮಾತ್ರೆ ನುಂಗುವವರ ಮೂತ್ರಪಿಂಡಕ್ಕೂ ಸಹನೆಗೆ ಮಿತಿಯುಂಟು.

ಅಡ್ಡ ಪರಿಣಾಮ ಕಂಡಲ್ಲಿ ನೀವೇ ವರದಿ ಮಾಡಬಹುದು. ಕೇಂದ್ರ ಸರ್ಕಾರದ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024. ಸಾರ್ವಜನಿಕರಿಗಾಗಿ ಕನ್ನಡದಲ್ಲಿಯೂ ಫಾರಂ ಇದೆ. ಏನು ತಿಂದಿರಿ, ಎಂದಿನಿಂದ, ಏನಾಯಿತು ಎಂದು ಕೇಳುತ್ತಾರೆ. ನೋಟ್‌ಬುಕ್ ಇದ್ದರೆ ಉತ್ತರ ಸುಲಭ. ನಮ್ಮ ತಾಯಿಯವರ ಪರವಾಗಿ ನಾನು ತುಂಬಿದ ಫಾರಂನಲ್ಲಿ, ತಯಾರಿಸಿದವರ ಹೆಸರಿನ ಜಾಗವನ್ನು ಖಾಲಿ ಬಿಡಬೇಕಾಯಿತು.